ನೀರುಗಂಟಿ ಬೆಟ್ಟಯ್ಯನ ಕ್ಯಾಮೆರಾ ಪಾಠ

ಪಂಚಾಯ್ತಿ ಆಫೀಸಿನ ಹಳೇ ಬೀರುವಿನ ಕೀಲಿಕೈ ಆ ದಿನ ಬೆಳಿಗ್ಗೆ ಸಿಗದೇ ಹೋಗಿದ್ದರೆ ಹೊಂಗೇಹುಂಡಿಯ ನೀರುಗಂಟಿ ಬೆಟ್ಟಯ್ಯ ಎಂದಿನಂತೆ ವಾಲ್ವು ತಿರುಗಿಸಿ, ಮೇಲುಬೀದಿಯ ಹೆಂಗಸರ ಬೈಗುಳ ತಿಂದು, ಮಧ್ಯಾಹ್ನ ಮುದ್ದೆ ಉಂಡು ಮಲಗುತ್ತಿದ್ದ. ಆದರೆ ಕೀಲಿಕೈ ಸಿಕ್ಕಿತು. ಗೋಡೆಯ ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಬೀರು ತೆಗೆದರೆ ಹಳೇ ಬ್ಯಾನರುಗಳು, ಒಣಗಿಹೋದ ಅಂಟಿನ ಸೀಸೆಗಳ ನಡುವೆ ಒಂದು ವಿಡಿಯೋ ಕ್ಯಾಮೆರಾ ಕೂತಿತ್ತು. ಕೊಂಡು ಏಳು ವರ್ಷವಾಗಿದ್ದರೂ ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಬಿಚ್ಚಿರಲಿಲ್ಲ.

“ಬೆಟ್ಟಯ್ಯ, ಇವತ್ತು ಮೂರು ಗಂಟೆಗೆ ಗ್ರಾಮಸಭೆ. ವಿಡಿಯೋ ನೀನೇ ತೆಗೀಬೇಕು,” ಎಂದು ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ ಆಶಾರಾಣಿ ಅದನ್ನು ಚಾರ್ಜು ಮಾಡಿಸಿ ಅವನ ಕೈಗಿಟ್ಟರು.

“ನಾನಾ ಮೇಡಂ? ಮೊಬೈಲಲ್ಲಿ ಪೋಟೋ ತೆಗುದ್ರೇ ನನ್ ಎಬ್ಬೆಟ್ಟು ಅಡ್ಡ ಬತ್ತದ!”

“ಬೋರ್‌ವೆಲ್ ಮೋಟಾರು ಬಿಚ್ಚಿ ಕಟ್ಟೋನಿಗೆ ಇದ್ಯಾವ ಲೆಕ್ಕ? ಇದೂ ಒಂದು ಮಿಷನ್ನೇ. ಬೇರೆ ಯಾರಿದ್ದಾರೆ ನೀನೇ ಹೇಳು. ಸ್ಟುಡಿಯೋದವರೆಲ್ಲ ಮದುವೆ ಮನೆಗಳಲ್ಲಿದ್ದಾರೆ.”

ಅದು ನಿಜವೇ. ಒಳ್ಳೆಯ ಲಗ್ನವಿದ್ದ ದಿನ. ನಂಜನಗೂಡಿನಿಂದ ನರಸೀಪುರದವರೆಗೆ ಒಂದು ಛತ್ರವೂ ಖಾಲಿಯಿರಲಿಲ್ಲ, ಒಬ್ಬ ಕ್ಯಾಮೆರಾದವನೂ ಖಾಲಿಯಿರಲಿಲ್ಲ. ಖಾಲಿಯಿದ್ದರೂ ಅವರನ್ನು ಕರೆಸುವ ಧೈರ್ಯ ಮೇಡಂಗೆ ಉಳಿದಿರಲಿಲ್ಲ. ಹೋದ ವರ್ಷ ನರಸೀಪುರದ ಕಡೆಯ ಸ್ಟುಡಿಯೋದವನೊಬ್ಬ ಬಂದು ಗ್ರಾಮಸಭೆಯನ್ನು ಮದುವೆಯ ಹಾಗೆಯೇ ತೆಗೆದುಕೊಟ್ಟಿದ್ದ. ಅದರಲ್ಲಿ ಅಧ್ಯಕ್ಷ ಕಲ್ಲಯ್ಯನವರ ಮುಖ ಗುಲಾಬಿ ಹೂವಿನೊಳಗಿಂದ ಮೆಲ್ಲಗೆ ಅರಳಿ ಬರುತ್ತಿತ್ತು. ಚರಂಡಿ ವಿಷಯ ಚರ್ಚೆಗೆ ಬಂದ ಕಡೆ ಎರಡು ಪಾರಿವಾಳ ಹಾರಿಹೋಗಿ ಕೆಂಪು ಹೃದಯವೊಂದು ಮೂಡುತ್ತಿತ್ತು. ಮಾತಿನ ಬದಲು ಉದ್ದಕ್ಕೂ ನಾದಸ್ವರ. ಜನ ಎಷ್ಟಿದ್ದರು, ಏನು ಒಪ್ಪಿದರು ಎಂಬುದೊಂದೂ ತಿಳಿಯದೆ ತಾಲೂಕಿನ ಸಾಹೇಬರು ‘ಸಭೆ ನಡೆದದ್ದಕ್ಕೆ ಪುರಾವೆ ಇಲ್ಲ’ ಎಂದು ಬರೆದು ಸಭೆಯನ್ನೇ ರದ್ದು ಮಾಡಿದ್ದರು. ಅದರ ಜೊತೆಗೆ ಸಭೆ ಒಪ್ಪಿದ್ದ ಸರ್ಕಾರಿ ಮನೆಗಳ ಪಟ್ಟಿಯೂ ಹೋಯಿತು.

ಆ ಪಟ್ಟಿಯಲ್ಲಿ ಮೂರನೆಯ ಹೆಸರು ಬೆಟ್ಟಯ್ಯನ ಹೆಂಡತಿ ಚಿಕ್ಕಮಾದಮ್ಮನದು. ಹದಿಮೂರು ವರ್ಷದಿಂದ ಗಂಡಹೆಂಡಿರ ಸಂಸಾರ ಬೆಟ್ಟಯ್ಯನ ಅಣ್ಣನ ಮನೆಯ ಹಿಂಬದಿಗೆ ಇಳಿಬಿಟ್ಟ ತಗಡಿನ ಸೂರಿನ ಕೆಳಗೆ ನಡೆದಿತ್ತು. ಬೇಸಿಗೆಯಲ್ಲಿ ಅದು ಕಾದ ಕಾವಲಿ, ಮಳೆಗಾಲದಲ್ಲಿ ತಮಟೆ. ಈ ವರ್ಷದ ಪಟ್ಟಿಯಲ್ಲೂ ಅವಳ ಹೆಸರು ಮೂರನೆಯದಾಗಿ ನಿಂತಿತ್ತು. ಪಟ್ಟಿಗೆ ಇವತ್ತಿನ ಸಭೆ ಒಪ್ಪಬೇಕು, ಒಪ್ಪಿದ್ದು ವಿಡಿಯೋದಲ್ಲಿ ಕಾಣಬೇಕು, ಅದು ಸಂಜೆ ಆರರೊಳಗೆ ತಾಲೂಕಿಗೆ ತಲುಪಬೇಕು. ತಪ್ಪಿದರೆ ಮತ್ತೆ ಮುಂದಿನ ವರ್ಷವೇ.

ಕ್ಯಾಮೆರಾ ಹಿಡಿದು ಮನೆಗೆ ಬಂದ ಗಂಡನನ್ನು ಚಿಕ್ಕಮಾದಮ್ಮ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ನಿಮ್ಮನ್ನ ಬುಟ್ರ ಆ ಮೇಡಮ್ಮೋರ್ಗ ಇನ್ಯಾರೂ ಸಿಗ್ನಿಲ್ವಾ? ಆಗ್ಲಿ. ಈ ಸಲ್ವೂ ಮನ ಬರ್ನಿಲ್ಲ ಅಂದ್ರ ನಾನು ಬದನವಾಳ್ಗ ನಮ್ಮಣ್ಣನ ಮನಗ ಓಯ್ತೀನಿ. ನೀವು ಈ ಕ್ಯಾಮ್ರಾ ಜೊತೆಲೇ ಸಂಸಾರ ಮಾಡಿ.”

ಅವಳು ತಮಾಷೆ ಮಾಡುವ ಹೆಂಗಸಲ್ಲ. ಬೆಟ್ಟಯ್ಯನಿಗೆ ನಿಜವಾಗಿ ಭಯವಾಯಿತು. ಭಯವಾದಾಗ ಹೊಂಗೇಹುಂಡಿಯವರು ಹೋಗುವ ಜಾಗ ಟೀ ಅಂಗಡಿ. ಅವನೂ ಅಲ್ಲಿಗೇ ಹೋದ.

ಟೀ ಅಂಗಡಿಯಲ್ಲಿ ಆಗಲೇ ಇಬ್ಬರು ಗುರುಗಳು ಕಾದಿದ್ದರು. ಒಬ್ಬರು ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ದೊಡ್ಡಸಿದ್ದಯ್ಯ. ಇಪ್ಪತ್ತೆರಡು ವರ್ಷದಿಂದ ಪುಸ್ತಕಗಳ ನಡುವೆ ಕೂತು ಎಲ್ಲವನ್ನೂ ಪುಸ್ತಕದಿಂದಲೇ ಕಲಿತವರು. ಈಜು ಕೂಡ ಅವರಿಗೆ ಬರುತ್ತಿತ್ತು. ಕಪಿಲಾ ಹೊಳೆಗೆ ಇಳಿದು ನೋಡಿರಲಿಲ್ಲ, ಅಷ್ಟೆ. ಇನ್ನೊಬ್ಬ ಮೊಬೈಲ್ ಅಂಗಡಿಯ ಅಮೃತೇಶ್. ಅವನ ಸಕಲ ವಿದ್ಯೆಯೂ ವಿಡಿಯೋಗಳಿಂದ ಬಂದದ್ದು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆಯನ್ನು ವಿಡಿಯೋ ನೋಡಿಯೇ ಕಟ್ಟಿ, ಒಂದೇ ಸಲಕ್ಕೆ ಮೂವತ್ತು ಮೊಟ್ಟೆ ಬೇಯಿಸಿದ್ದ.

“ಪುಸ್ತಕ ಓದಿ ಕಲಿ ಬೆಟ್ಟಯ್ಯ,” ಎಂದರು ದೊಡ್ಡಸಿದ್ದಯ್ಯ. “ಬರೆದೋನು ಯೋಚ್ನೆ ಮಾಡಿ ಬರೆದಿರ್ತಾನೆ. ಒಂದ್ಸಲ ತಿಳೀನಿಲ್ವಾ, ತಿರ್ಗಾ ಓದು. ಪುಟ ಎಲ್ಗೂ ಓಡೋಗಕಿಲ್ಲ.”

“ಏನ್ ಸಾ ನೀವು! ಮಾವಿನಣ್ಣು ಎಂಗದ ಅಂತ ಯಾರಾರೂ ಓದಿ ತಿಳ್ಕತರಾ?” ಅಮೃತೇಶ್ ಲೋಟ ಕೆಳಗಿಟ್ಟ. “ವಿಡಿಯೋ ಕಲಿಯಕ್ಕ ವಿಡಿಯೋನೇ ನೋಡ್ಬೇಕು ಕಣ್ ಬೆಟ್ಟಣ್ಣ. ಅಂವ ಕೈಲಿ ಇಡ್ಕಂಡು ತೋರುಸ್ತಾನ. ಅರ್ಧ ಗಂಟೆ ಕೆಲ್ಸ.”

“ತೋರುಸ್ದಾಗ ತಿಳೀತದ. ಫೋನ್ ಆರುದ್ ಮ್ಯಾಲ?”

“ಪುಸ್ತಕ ಮುಚ್ಚುದ್ ಮ್ಯಾಲ?”

ಹತ್ತು ನಿಮಿಷದಲ್ಲಿ ಟೀ ಅಂಗಡಿ ಎರಡು ಪಕ್ಷವಾಯಿತು. ಕನ್ನಡಕ ಹಾಕಿದವರೆಲ್ಲ ಪುಸ್ತಕದ ಕಡೆ, ಟಚ್ ಫೋನಿನವರೆಲ್ಲ ವಿಡಿಯೋ ಕಡೆ. ಅಲ್ಲಿದ್ದವರಲ್ಲಿ ಕ್ಯಾಮೆರಾವನ್ನು ಮುಟ್ಟಿ ನೋಡಿದವನು ಒಬ್ಬನೂ ಇರಲಿಲ್ಲವಾದ್ದರಿಂದ ಯಾರಿಗೂ ಸಂಶಯವಿರಲಿಲ್ಲ. ಬೆಟ್ಟಯ್ಯ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, “ಎಲ್ಡೂ ನೋಡುಮ,” ಎಂದ. ಒಂಬತ್ತರಿಂದ ಪುಸ್ತಕ, ಹನ್ನೊಂದರಿಂದ ವಿಡಿಯೋ ಎಂದು ತೀರ್ಮಾನವಾಯಿತು. ಮೇಲುಬೀದಿಗೆ ಹತ್ತು ಗಂಟೆಗೆ ನೀರು ಬಿಡಬೇಕೆಂಬುದು ಆ ತೀರ್ಮಾನದಲ್ಲಿ ಎಲ್ಲೂ ಬರಲಿಲ್ಲ.

ಗ್ರಂಥಾಲಯದಲ್ಲಿ ಮೊದಲ ವಿಘ್ನ ಬಾಗಿಲಲ್ಲೇ ಎದುರಾಯಿತು.

“ಪುಸ್ತಕ ಮನೆಗೆ ಬೇಕಂದ್ರೆ ಮೆಂಬರ್ ಆಗ್ಬೇಕು. ಎರಡು ಫೋಟೋ ತಂದಿದ್ದೀಯಾ?”

“ಇಲ್ವಲ್ಲ ಸಾ.”

“ಕ್ಯಾಮೆರಾ ಇಟ್ಕಂಡವ್ನೆ, ಫೋಟೋ ಇಲ್ಲ ಅಂತಾನೆ. ಇಲ್ಲೇ ಕೂತು ಓದು.”

ದೊಡ್ಡಸಿದ್ದಯ್ಯ ಹುಡುಕಿ ಕೊಟ್ಟ ಕ್ಯಾಮೆರಾ ಪುಸ್ತಕಕ್ಕೆ ರಟ್ಟಿರಲಿಲ್ಲ. ಮೊದಲ ನಲವತ್ತು ಪುಟದಲ್ಲಿ ಬೆಳಕು ಎಂದರೇನು, ಅದು ಎಲ್ಲಿಂದ ಹೊರಟು ಎಷ್ಟು ಹೊತ್ತಿಗೆ ಭೂಮಿ ಸೇರುತ್ತದೆ ಎಂಬ ವಿವರವಿತ್ತು. ನಲವತ್ತೊಂದನೆಯ ಪುಟದಲ್ಲಿ ‘ಮೊದಲು ಕ್ಯಾಸೆಟ್ಟನ್ನು ಅದರ ಬಾಯಿಗೆ ಸೇರಿಸಿ’ ಎಂದಿತ್ತು. ಬೆಟ್ಟಯ್ಯ ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲೂ ಬಾಯಿ ಇರಲಿಲ್ಲ. ‘ಗುಂಡಿಗಳ ವಿವರಕ್ಕೆ ಅರವತ್ತಮೂರನೆಯ ಪುಟದ ಚಿತ್ರ ನೋಡಿ’ ಎಂದಿದ್ದ ಕಡೆ ನೋಡಿದರೆ, ಚಿತ್ರವನ್ನು ಯಾವುದೋ ಶಾಲೆಯ ಮಕ್ಕಳು ಪ್ರಾಜೆಕ್ಟಿಗೆಂದು ಕತ್ತರಿಸಿಕೊಂಡು ಹೋಗಿದ್ದರು. ಆ ಕಿಂಡಿಯಲ್ಲಿ ಮುಂದಿನ ಪುಟದ ಒಂದು ಸಾಲು ಇಣುಕುತ್ತಿತ್ತು: ‘ಆದ್ದರಿಂದ ಎಚ್ಚರಿಕೆಯಿಂದಿರಿ.’

“ಇರ್ಲಿ, ಗುಂಡಿ ಆಮ್ಯಾಕೆ. ಮೊದಲು ನಿಲ್ಲೋದು ಕಲಿ,” ಎಂದು ದೊಡ್ಡಸಿದ್ದಯ್ಯ ತಾವೇ ಗಟ್ಟಿಯಾಗಿ ಓದತೊಡಗಿದರು. “‘ಕಾಲುಗಳನ್ನು ಭುಜದಷ್ಟು ಅಗಲಿಸಿ, ಮೊಣಕೈಗಳನ್ನು ಪಕ್ಕೆಗೊತ್ತಿ, ಉಸಿರು ಬಿಗಿಹಿಡಿದು, ಕಂಬದಂತೆ ನಿಲ್ಲತಕ್ಕದ್ದು. ಯಾವ ಕಾರಣಕ್ಕೂ ಕ್ಯಾಮೆರಾವನ್ನು ಕದಲಿಸಕೂಡದು.’ ಎಲ್ಲಿ, ನಿಲ್ಲು.”

ಬೆಟ್ಟಯ್ಯ ನಿಂತ. ಉಸಿರು ಬಿಗಿಹಿಡಿದ. ಒಂದು ಗಂಟೆ ಅವರು ಅವನನ್ನು ಹಾಗೆ ನಿಲ್ಲಿಸಿ ಬಿಡಿಸಿ ಮಾಡಿದರು. ನಡುವೆ ಅವನ ಬೆರಳು ಕೆಂಪು ಗುಂಡಿಗೆ ಒಮ್ಮೆ ತಗುಲಿತು. ಏನೂ ಆದಂತೆ ಅವನಿಗೆ ಕಾಣಲಿಲ್ಲ. ವಾಸ್ತವದಲ್ಲಿ ಕ್ಯಾಮೆರಾ ಆ ಕ್ಷಣದಿಂದ ಕೆಲಸ ಶುರುಮಾಡಿತ್ತು.

ಕಲಿತದ್ದನ್ನು ಪರೀಕ್ಷೆ ಮಾಡಲು ಅವನು ಹೊರಗೆ ಬಂದಾಗ ಮೊದಲು ಕಂಡದ್ದು ಮೇಲುಬೀದಿಯ ಗುರುಸಿದ್ದಮ್ಮ. ಎರಡು ಖಾಲಿ ಬಿಂದಿಗೆ ಸೊಂಟಕ್ಕಿಟ್ಟು ನೀರುಗಂಟಿಯನ್ನು ಹುಡುಕಿಕೊಂಡೇ ಬರುತ್ತಿದ್ದಳು. ಬೆಟ್ಟಯ್ಯ ಕಾಲು ಅಗಲಿಸಿ ನಿಂತು ಕೆಂಪು ಗುಂಡಿ ಒತ್ತಿ ಉಸಿರು ಹಿಡಿದ. ನಡೆಯುತ್ತಿದ್ದ ಕ್ಯಾಮೆರಾ ನಿಂತುಹೋಯಿತು.

“ಏನ್ಲಾ ಬೆಟ್ಟ, ಮಖ ಯಾಕ್ಲಾ ಊದ್ಕತು? ಎದ ನೋವಾ?”

ಬೆಟ್ಟಯ್ಯ ಉಸಿರು ಬಿಗಿಹಿಡಿದೇ ನಿಂತಿದ್ದ.

“ಗಂಟ ಅತ್ತೂವರ ಆಯ್ತು. ನೀರ್ ಬುಡು ಅಂದ್ರ ನನ್ ಪಟ ಇಡೀತಾ ನಿಂತಿದ್ದಯಾ? ನಮ್ ಬೀದಿ ಎಂಗಸ್ರ ಬಾಯ್ಗ ಬೀಳ್ಬೇಡ, ಓಗಿ ವಾಲ್ವ್ ತಿರುಗ್ಸು!”

“ಇನ್ನರ್ಧ ಗಂಟ ಅಕ್ಕ, ಕಲೀತಾ ಇವ್ನಿ,” ಎಂದು ಬೆಟ್ಟಯ್ಯ ಉಸಿರು ಬಿಟ್ಟು ಮತ್ತೆ ಗುಂಡಿ ಒತ್ತಿದ. ನಿಂತಿದ್ದ ಕ್ಯಾಮೆರಾ ಮತ್ತೆ ನಡೆಯತೊಡಗಿತು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದೊಡ್ಡಸಿದ್ದಯ್ಯನವರಿಗೆ ಹೇಳಿಹೋಗೋಣವೆಂದು ಗ್ರಂಥಾಲಯದ ಬಾಗಿಲಿಗೆ ಬಂದ. ಅಲ್ಲಿ ಐದು ನಿಮಿಷ ಅವರು ವಿಡಿಯೋ ಪಕ್ಷದವರ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು.

ಹನ್ನೊಂದಕ್ಕೆ ಸರಿಯಾಗಿ ಅಮೃತೇಶ್ ಅವನನ್ನು ವಶಕ್ಕೆ ತೆಗೆದುಕೊಂಡ. ಆದರೆ ಹೊಂಗೇಹುಂಡಿಯಲ್ಲಿ ವಿಡಿಯೋ ಓಡುವಷ್ಟು ನೆಟ್‌ವರ್ಕು ಸಿಗುವುದು ಎರಡೇ ಕಡೆ. ಒಂದು ಹದಿನಾರು ಎಂಬ ಊರಿಗೆ ಹೋಗುವ ರಸ್ತೆಯ ತಿರುವು, ಇನ್ನೊಂದು ಊರ ನೀರಿನ ಟ್ಯಾಂಕಿನ ಮೇಲೆ. ತಿರುವು ದೂರ. ಟ್ಯಾಂಕಿನ ಏಣಿಯ ಗೇಟಿಗೆ ಬೀಗವಿತ್ತು, ಬೀಗದ ಕೈ ಬೆಟ್ಟಯ್ಯನ ಉಡುದಾರದಲ್ಲೇ ಇತ್ತು. ಇಬ್ಬರೂ ಹತ್ತಿದರು.

ಟ್ಯಾಂಕಿನ ಮೇಲೆ ಗಾಳಿ ಚೆನ್ನಾಗಿತ್ತು, ನೆಟ್‌ವರ್ಕೂ ಚೆನ್ನಾಗಿತ್ತು. ವಿಡಿಯೋದ ಮನುಷ್ಯ ಮೂರು ನಿಮಿಷ ಎಲ್ಲರಿಗೂ ನಮಸ್ಕಾರ ಹೇಳಿದ. ಆಮೇಲೆ ಅಷ್ಟೇ ಹೊತ್ತು ಕಡಲೇಕಾಯಿ ಎಣ್ಣೆಯ ಜಾಹೀರಾತು ಬಂತು. ಕೊನೆಗೆ ಅವನು ಎತ್ತಿ ತೋರಿಸಿದ ಕ್ಯಾಮೆರಾ ಬೇರೆಯೇ ಇತ್ತು. ಬೆಟ್ಟಯ್ಯನದು ಕುರಿಮರಿಯಾದರೆ ಅದು ಎಮ್ಮೆ.

“‘ಉಸಿರು ಕಟ್ಟಬೇಡಿ ಫ್ರೆಂಡ್ಸ್, ಆರಾಮಾಗಿ ಉಸಿರಾಡಿ,’” ಎಂದ ವಿಡಿಯೋದವನು. “‘ಕಂಬದ ಥರ ನಿಂತರೆ ನೋಡೋರು ನಿದ್ದೆ ಮಾಡ್ತಾರೆ. ಕ್ಯಾಮೆರಾನ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ತಿರುಗಿಸಿ.’”

“ಲೇ, ಪುಸ್ತಕ್ದಲ್ಲಿ ಅಲ್ಲಾಡುಸ್ಬೇಡಿ ಅಂತದ!”

“ಪುಸ್ತಕ ಬರ್ದೋನು ಸತ್ತು ಎಷ್ಟ್ ವರ್ಸ ಆಯ್ತೋ ಏನೋ ಬೆಟ್ಟಣ್ಣ. ಇಂವ ಬದುಕವ್ನ, ಇಂವ ಯೋಳ್ದಂಗ ಮಾಡು. ಅಲ್ನೋಡು, ಕೆಳ್ಗ ಜನ ಅವ್ರ. ಅವ್ರನ್ನೇ ಇಡಿ.”

ಕೆಳಗೆ ಜನ ಇದ್ದದ್ದು ನಿಜ. ಟ್ಯಾಂಕಿನ ಅಂಚಿನಲ್ಲಿ ಬೆಟ್ಟಯ್ಯನ ತಲೆಯನ್ನು ಮೊದಲು ಕಂಡದ್ದು ಗುರುಸಿದ್ದಮ್ಮ. “ಅಯ್ಯೋ ಬನ್ರಪ್ಪೋ, ಬೆಟ್ಟ ಟ್ಯಾಂಕ್ ಅತ್ತವ್ನ!” ಎಂದು ಅವಳು ಕೂಗಿದ್ದು ಮೇಲುಬೀದಿ ದಾಟುವ ಹೊತ್ತಿಗೆ, ಮನೆ ಕೊಡದಿದ್ದರೆ ಹಾರಿಕೊಳ್ಳುತ್ತೇನೆ ಅಂದನಂತೆ ಎಂದಾಯಿತು. ಕೆಳಬೀದಿ ಸೇರುವ ಹೊತ್ತಿಗೆ ಅವನು ಚೀಟಿ ಬರೆದಿಟ್ಟಿದ್ದ. ಡೈರಿಯ ಮುಂದೆ ಬಂದಾಗ ಅಮೃತೇಶ್ ಅವನ ಕಾಲು ಹಿಡಿದು ಜಗ್ಗುತ್ತಿದ್ದ. ಹೊಲದಲ್ಲಿದ್ದವರು ಗುದ್ದಲಿ ಬಿಟ್ಟು ಬಂದರು, ಒಲೆಯ ಮುಂದಿದ್ದವರು ಸಾರು ಬಿಟ್ಟು ಬಂದರು. ಇನ್ನೂರೈವತ್ತು ಜನಕ್ಕೆ ಕಡಿಮೆಯಿರಲಿಲ್ಲ.

ಬೆಟ್ಟಯ್ಯ ಇಷ್ಟು ಜನವನ್ನು ಒಟ್ಟಿಗೆ ನೋಡಿ ಹಿಗ್ಗಿ, ಕೆಂಪು ಗುಂಡಿ ಒತ್ತಿ, ಕ್ಯಾಮೆರಾ ಕಣ್ಣಿಗೊತ್ತಿಕೊಂಡು ಅಂಚಿನಾಚೆಗೆ ಬಗ್ಗಿದ. ಕೆಳಗೆ ಜನ ಒಟ್ಟಾಗಿ ಕಿರುಚಿತು.

“ಬೆಟ್ಟಣ್ಣ, ಬ್ಯಾಡ ಕಣಪ್ಪ!” ಅಧ್ಯಕ್ಷ ಕಲ್ಲಯ್ಯನವರು ಕೈ ಮುಗಿದರು. “ನಿನ್ ಮನೆ ನನ್ ಜವಾಬ್ದಾರಿ. ಇಳಿಯಪ್ಪ, ನಿನ್ ದಮ್ಮಯ್ಯ!”

ಅಷ್ಟರಲ್ಲಿ ಚಿಕ್ಕಮಾದಮ್ಮ ಜನರನ್ನು ಸೀಳಿಕೊಂಡು ಬಂದಳು. ಸೆರಗು ನೆಲದಲ್ಲಿ ಎಳೆಯುತ್ತಿತ್ತು.

“ಮನ ಬ್ಯಾಡ ಇಳೀರಿ! ನಾನು ಬದನವಾಳ್ಗೂ ಓಗಕಿಲ್ಲ, ಎಲ್ಗೂ ಓಗಕಿಲ್ಲ! ಆ ತಗಡ್ನ ಕೆಳ್ಗೇ ಸಾಯವ್ರಗೂ ಇದ್ದೀನಿ, ಇಳೀರಿ ಮೊದ್ಲು!”

“ಯಾಕಮ್ಮಿ ಅಳ್ತಿದ್ದಯ್?” ಬೆಟ್ಟಯ್ಯ ಮೇಲಿನಿಂದ ಕೂಗಿದ. “ಕಲೀತಾ ಇವ್ನಿ ಕಣಮ್ಮಿ!”

ಅವನು ಇಳಿದ ಮೇಲೆ ಚಿಕ್ಕಮಾದಮ್ಮ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಅವನ ಬೆನ್ನಿಗೆ ನಾಲ್ಕು ಗುದ್ದಿದಳು. ಯಾರೂ ಬಿಡಿಸಲು ಹೋಗಲಿಲ್ಲ. ಹಾರದೇ ಇಳಿದವನ ಮೇಲೆ ಊರಿಗೂ ಒಂದಿಷ್ಟು ಸಿಟ್ಟಿತ್ತು.

ಆಶಾರಾಣಿ ಮೇಡಂ ಮಾತ್ರ ಜನಸಾಗರವನ್ನು ನೋಡಿ ಆಸೆಪಟ್ಟರು. “ಎಲ್ಲರೂ ಹೀಗೇ ಮೂರು ಗಂಟೆಗೆ ಗ್ರಾಮಸಭೆಗೂ ಬನ್ನಿ, ಆಯ್ತಾ?” ಎಂದರು. ಸಭೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಒಬ್ಬೊಬ್ಬರಿಗೂ ಎಮ್ಮೆ, ಒಲೆ, ಗುದ್ದಲಿ ನೆನಪಾಗಿ ಟ್ಯಾಂಕಿನ ಕೆಳಗೆ ಐದು ಜನ ಉಳಿದರು.

ಉಳಿದವರಲ್ಲಿ ಗುರುಗಳಿಬ್ಬರೂ ಇದ್ದರು. “ಮೇಲಿಂದ ಇಡ್ದಿರದ ನೋಡುಮ, ಯಾರ್ ಪಾಠ ತಲಗ ಅತ್ತದ ಗೊತ್ತಾಯ್ತದ,” ಎಂದು ಅಮೃತೇಶ್ ಕ್ಯಾಮೆರಾದ ಪುಟ್ಟ ಪರದೆ ತೆರೆದ. ಟ್ಯಾಂಕಿನ ಮೇಲಿಂದ ಹಿಡಿದದ್ದು ಒಂದೂ ಇರಲಿಲ್ಲ, ಅಲ್ಲಿ ಗುಂಡಿ ಒತ್ತಿದಾಗ ನಡೆಯುತ್ತಿದ್ದ ಕ್ಯಾಮೆರಾ ನಿಂತುಹೋಗಿತ್ತು. ಮೊದಲು ಕತ್ತಲೆ ಬಂತು, ಬೆಟ್ಟಯ್ಯನ ಕಂಕುಳು. ಆ ಕತ್ತಲೆಯಿಂದ ದೊಡ್ಡಸಿದ್ದಯ್ಯನವರ ಧ್ವನಿ ಸ್ಪಷ್ಟವಾಗಿ ಹೊರಟಿತು.

“ಆ ಅಮೃತೇಶನ ಮಾತು ಕೇಳಿ ಕೆಡಬೇಡ. ಮೂರು ಸಲ ಎಸ್ಸೆಲ್ಸಿ ಕಟ್ಟಿದೋನು. ಅವನ ತಲೆ ಒಳಗಿರದು ಸಿಮ್ಮು, ಅದ್ರಲ್ಲೂ ಕರೆನ್ಸಿ ಇಲ್ಲ.”

ಮುಂದಿನ ಮುಕ್ಕಾಲು ಗಂಟೆ ಪುಸ್ತಕ ಮತ್ತು ವಿಡಿಯೋಗಳ ಗುಣದೋಷ ವಿಚಾರ ಬಹಳ ಜೋರಾಗಿ ನಡೆಯಿತು. ಇಬ್ಬರ ಅಪ್ಪಂದಿರೂ ಅಜ್ಜಂದಿರೂ ಅದರಲ್ಲಿ ಬಂದುಹೋದರು. ನಡುವೆ ನಿಂತ ಬೆಟ್ಟಯ್ಯ ಮಾತ್ರ ಗುಂಡಿಯನ್ನು ಒತ್ತುತ್ತ, ಪರದೆ ನೋಡುತ್ತ, ಮತ್ತೆ ಒತ್ತುತ್ತ ಇದ್ದ. ಒಂದು ಸಲ ಒತ್ತಿದರೆ ಕೆಂಪು ಚುಕ್ಕಿ ಬರುತ್ತದೆ, ಇನ್ನೊಂದು ಸಲ ಒತ್ತಿದರೆ ಹೋಗುತ್ತದೆ. ಚುಕ್ಕಿ ಇದ್ದಾಗ ಮಾತ್ರ ಚಿತ್ರ. ವಾಲ್ವಿನ ಹಾಗೆಯೇ. ಇಷ್ಟನ್ನು ಪುಸ್ತಕವೂ ಹೇಳಿರಲಿಲ್ಲ, ವಿಡಿಯೋವೂ ಹೇಳಿರಲಿಲ್ಲ. ಜಗಳದ ಮುಕ್ಕಾಲು ಗಂಟೆಯಲ್ಲಿ ಅವನು ಸುಮ್ಮನೆ ಕಲಿತುಬಿಟ್ಟ.

ಕಲಿತ ಸಂತೋಷದಲ್ಲಿ ಊಟ ಮುಗಿಸಿ ಸಭೆಗೆ ಹೊರಟವನನ್ನು ಎರಡೂವರೆಗೆ ಗುರುಸಿದ್ದಮ್ಮ ಹತ್ತು ಹೆಂಗಸರೊಡನೆ ಅಡ್ಡಗಟ್ಟಿದಳು. ವಾಲ್ವು ತಿರುಗಿಸುವವರೆಗೂ ಬಿಡಲಿಲ್ಲ. ಹೀಗೆ ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ನೀರು ಮೇಲುಬೀದಿಗೆ ಎರಡು ಮುಕ್ಕಾಲಿಗೆ ಬಂತು. ನೀರು ಬಂದ ಮೇಲೆ ಗ್ರಾಮಸಭೆಗೆ ಯಾರು ಹೋಗುತ್ತಾರೆ? ಇಡೀ ಮೇಲುಬೀದಿ ಬಿಂದಿಗೆಯ ಸಾಲಿನಲ್ಲಿ ನಿಂತಿತು.

ಸಮುದಾಯ ಭವನದಲ್ಲಿ ಮೂರು ಗಂಟೆಗೆ ಮೂವತ್ತೆಂಟು ಜನರಿದ್ದರು. ಸಭೆ ನಡೆಯಲು ಮತದಾರರು ನೂರು ಜನ ಬೇಕು. ಅದಕ್ಕೆ ಕೋರಂ ಎನ್ನುತ್ತಾರೆ. ಕಲ್ಲಯ್ಯನವರು ಮೈಕಿನಲ್ಲಿ ಕರೆದರು, ಬೈದರು, ಕೊನೆಗೆ ಬೇಡಿಕೊಂಡರು. ಅರಳಿಕಟ್ಟೆಯಲ್ಲಿ ಇಸ್ಪೀಟಿಗೆ ಕೂತವರನ್ನು ಎಬ್ಬಿಸಿ ತಂದದ್ದಾಯಿತು. ಡೈರಿಗೆ ಹೊರಟವರನ್ನು ಹಾಲಿನ ಕ್ಯಾನಿನ ಸಮೇತ ಒಳಗೆ ಕೂರಿಸಿದ್ದಾಯಿತು. ಪುಸ್ತಕ ಪಕ್ಷದ ಕನ್ನಡಕಗಳು ಎಡಕ್ಕೆ, ವಿಡಿಯೋ ಪಕ್ಷದ ಫೋನುಗಳು ಬಲಕ್ಕೆ ಕೂತವು. ಮೇಡಂ ಹಾಜರಿ ಪುಸ್ತಕ ಹಿಡಿದು ಸಹಿ ಹಾಕಿಸುತ್ತ, ಎಣಿಸುತ್ತ, ಕೊನೆಗೆ ಕ್ಯಾಮೆರಾದ ಜೊತೆ ಬೀರುವಿನಲ್ಲೇ ಸಿಕ್ಕಿದ್ದ ಮೂರು ಕಾಲಿನ ಸ್ಟ್ಯಾಂಡನ್ನು ತಬ್ಬಿ ನಿಂತಿದ್ದ ಬೆಟ್ಟಯ್ಯನ ಕೈಲೂ ಒಂದು ಸಹಿ ಹಾಕಿಸಿ ನಾಲ್ಕೂ ಹತ್ತಕ್ಕೆ, “ಆಯ್ತು, ಕೋರಂ ಆಯ್ತು, ಶುರು ಮಾಡಿ!” ಎಂದರು.

ಬೆಟ್ಟಯ್ಯ ಕೆಂಪು ಚುಕ್ಕಿ ಬಂದದ್ದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ. ಪುಸ್ತಕ ಹೇಳಿದಂತೆ ಕಾಲು ಗಟ್ಟಿಯಾಗಿ ಊರಿದ, ವಿಡಿಯೋ ಹೇಳಿದಂತೆ ಆರಾಮಾಗಿ ಉಸಿರಾಡಿದ. ಗುರುಗಳಿಬ್ಬರೂ ಅವನ ಎಡಬಲಕ್ಕೆ ಬಂದು ಒಬ್ಬರ ಮುಖ ಒಬ್ಬರು ನೋಡದೆ ಕೊನೆಯ ಉಪದೇಶ ಕೊಟ್ಟರು. ಆಶ್ಚರ್ಯವೆಂದರೆ ಇಡೀ ದಿನದಲ್ಲಿ ಇಬ್ಬರದೂ ಒಂದೇ ಮಾತಾದದ್ದು ಇದೊಂದೇ ವಿಷಯದಲ್ಲಿ: ಕ್ಯಾಮೆರಾ ಹಿಡಿದವನು ತಾನು ಕಾಣಬಾರದು, ಅವನ ಧ್ವನಿ ಕೇಳಬಾರದು, ನೆರಳೂ ಬೀಳಬಾರದು. ಅಷ್ಟು ಹೇಳಿ ಇಬ್ಬರೂ ಓಡಿಹೋಗಿ ಜನರ ನಡುವೆ, ಚೆನ್ನಾಗಿ ಕಾಣುವ ಜಾಗದಲ್ಲಿ ಕೂತರು.

ಸಭೆ ಸುಸೂತ್ರವಾಗಿ ನಡೆಯಿತು. ಬೆಟ್ಟಯ್ಯ ಮೂರು ಸಲ ಕ್ಯಾಮೆರಾವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ, ತುಂಬಿದ ಕೊಡ ಹೊತ್ತವಳು ತಿರುಗುವ ಹಾಗೆ ನಿಧಾನವಾಗಿ ತಿರುಗಿಸಿದ. ಮನೆಗಳ ಪಟ್ಟಿ ಬಂತು. ಮೇಡಂ “ಮೂರು, ಚಿಕ್ಕಮಾದಮ್ಮ ಕೋಂ ಬೆಟ್ಟಯ್ಯ,” ಎಂದು ಓದಿ, “ಎಲ್ಲರ ಒಪ್ಪಿಗೆ ಇದೆಯಾ?” ಎಂದಾಗ ಕೈಗಳೆಲ್ಲ ಮೇಲೆದ್ದವು. ಪುಸ್ತಕ ಪಕ್ಷವೂ ಎತ್ತಿತು, ವಿಡಿಯೋ ಪಕ್ಷವೂ ಎತ್ತಿತು. ಪರದೆಯಲ್ಲಿ ಚಿಕ್ಕಮಾದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಬೆಟ್ಟಯ್ಯನಿಗೆ ಕೂಗಬೇಕೆನಿಸಿತು. ತುಟಿ ಕಚ್ಚಿ ಹಿಡಿದ. ಕಣ್ಣಲ್ಲಿ ನೀರು ಬಂದು ಪರದೆ ಮಂಜಾಯಿತೇ ಹೊರತು ಕ್ಯಾಮೆರಾ ಕದಲಲಿಲ್ಲ.

ಐದೂ ಹತ್ತಕ್ಕೆ ಕಲ್ಲಯ್ಯನವರ ಓಮ್ನಿ ನಂಜನಗೂಡಿಗೆ ಹೊರಟಿತು. ಕಲ್ಲಯ್ಯ, ಮೇಡಂ, ತೊಡೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡ ಬೆಟ್ಟಯ್ಯ. ಹಿಂದಿನ ಸೀಟಿನಲ್ಲಿ, ಶಿಷ್ಯನ ಕೀರ್ತಿಯಲ್ಲಿ ಪಾಲು ಕೇಳಲು ಬಂದ ದೊಡ್ಡಸಿದ್ದಯ್ಯ ಮತ್ತು ಅಮೃತೇಶ್. ಆರಕ್ಕೆ ಇನ್ನೂ ಹದಿನೈದು ನಿಮಿಷ ಇರುವಾಗ ತಾಲೂಕಿನ ಸಾಹೇಬರ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಹೊಂಗೇಹುಂಡಿ ಗ್ರಾಮಸಭೆ ಮೂಡಿತು.

ಸಾಹೇಬರು ಮುಂದಕ್ಕೆ ಬಾಗಿದರು. “ಅಲ್ರೀ, ಏನು ಸ್ಪಷ್ಟವಾಗಿ ಬಂದಿದೆ! ಮೂವತ್ತು ಪಂಚಾಯ್ತಿ ವಿಡಿಯೋ ನೋಡಿದೆ. ಒಂದರಲ್ಲಿ ಬರೀ ಫ್ಯಾನು, ಒಂದರಲ್ಲಿ ಬರೀ ಚಪ್ಪಲಿ. ಇದರಲ್ಲಿ ಒಬ್ಬೊಬ್ಬರ ಮೂಗುಬೊಟ್ಟೂ ಕಾಣ್ತದೆ. ಯಾರು ಕಲಿಸಿದ್ದು ಈತನಿಗೆ?”

“ಪುಸ್ತಕ ಸಾ, ನಮ್ಮ ಗ್ರಂಥಾಲಯದ್ದು,” ಎಂದರು ದೊಡ್ಡಸಿದ್ದಯ್ಯ.

“ವಿಡಿಯೋ ನೋಡಿ ಕಲ್ತದ್ದು ಸಾ, ನನ್ ಫೋನಲ್ಲಿ,” ಎಂದ ಅಮೃತೇಶ್ ಅದೇ ಉಸಿರಿನಲ್ಲಿ.

“ಯಾರಾದರೇನು, ಚೆನ್ನಾಗಿ ಕಲಿಸಿದ್ದೀರಿ. ಇಷ್ಟು ಸ್ಪಷ್ಟ ಇದೆ ಅಂದಮೇಲೆ ಒಂದು ಸಲ ಎಣಿಸಿಬಿಡೋಣ,” ಎಂದು ಸಾಹೇಬರು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಪೆನ್ನಿನ ತುದಿಯಿಂದ ತಲೆ ಎಣಿಸತೊಡಗಿದರು. ವೇದಿಕೆಯ ಮೇಲಿದ್ದ ಸದಸ್ಯರನ್ನೂ ಸೇರಿಸಿಕೊಂಡರು. ಹಾಲಿನ ಕ್ಯಾನಿನ ಹಿಂದೆ ಕೂತವನನ್ನೂ ಬಿಡಲಿಲ್ಲ. ಕೊನೆಯ ಗೋಡೆ ತಲುಪಿ, ಹುಬ್ಬು ಗಂಟಿಕ್ಕಿ, ಮತ್ತೆ ಮೊದಲಿಂದ ಎಣಿಸಿದರು. ಮೂರನೆಯ ಸಲ ಗುಮಾಸ್ತರನ್ನು ಕರೆಸಿ ಎಣಿಸಿದರು.

“ತೊಂಬತ್ತೊಂಬತ್ತು,” ಎಂದರು.

“ಇಲ್ಲ ಸರ್, ನೂರು!” ಆಶಾರಾಣಿ ಹಾಜರಿ ಪುಸ್ತಕ ತೆರೆದು ಹಿಡಿದರು. “ನೋಡಿ, ಸಹಿ ನೂರಿದೆ. ನಾನೇ ಎಣಿಸಿ ಹಾಕಿಸಿದ್ದು.”

“ಸಹಿ ನಂಬೋ ಹಾಗಿದ್ದಿದ್ದರೆ ಸರ್ಕಾರ ವಿಡಿಯೋ ಯಾಕಮ್ಮ ಕೇಳ್ತಿತ್ತು? ಇದರಲ್ಲಿ ಇಲ್ಲದೋರು ಯಾರು, ಓದಿ ಹೇಳಿ.”

ಮೇಡಂ ಒಂದೊಂದೇ ಹೆಸರು ಓದಿದರು. ಕಲ್ಲಯ್ಯನವರು ಪರದೆಯಲ್ಲಿ ಒಂದೊಂದೇ ಮುಖ ತೋರಿಸಿದರು. ತೊಂಬತ್ತೊಂಬತ್ತು ಹೆಸರಿಗೂ ಮುಖ ಸಿಕ್ಕಿತು. ನೂರನೆಯ ಹೆಸರಿಗೆ ಬಂದು ಮೇಡಂ ಮೆಲ್ಲಗೆ ಹಾಜರಿ ಪುಸ್ತಕ ಮುಚ್ಚಿದರು. ಎಲ್ಲರೂ ಬೆಟ್ಟಯ್ಯನ ಕಡೆ ತಿರುಗಿದರು.

“ಸಾ, ನಾನು ಅಲ್ಲೇ ಇದ್ನಲ್ಲ ಸಾ!” ಬೆಟ್ಟಯ್ಯ ಮೇಜಿನ ಹತ್ತಿರಕ್ಕೆ ಬಂದ. “ನಾನಿಲ್ದೆ ಇದ್ನ ಯಾರ್ ತೆಗುದ್ರು?”

“ನಾನೇನು ಇಲ್ಲ ಅಂತೀನಾ? ಆದರೆ ದಾಖಲೆ ಬೇಕಲ್ಲಪ್ಪ. ಸ್ಟ್ಯಾಂಡ್ ಮೇಲಿಟ್ಟು ಹೊಲಕ್ಕೆ ಹೋಗಿದ್ದೆ ಅಂತ ನಾಳೆ ಯಾರಾದರೂ ಅರ್ಜಿ ಹಾಕಿದರೆ? ಒಂದು ಸಲ ಕೆಮ್ಮಿದ್ದೀಯಾ? ನಿನ್ನ ಕೈಯಾದರೂ ಬಂದಿದೆಯಾ?”

“ಇಲ್ಲ ಸಾ. ಬರ್ಬಾರ್ದು ಅಂತ ಯೋಳ್ಕೊಟ್ಟಿದ್ರು.”

“ಯಾರು ಹೇಳಿಕೊಟ್ಟದ್ದು?”

“ನಾನಲ್ಲ ಸಾ, ಅಂವ ನೋಡಿದ್ದು ವಿಡಿಯೋ,” ಎಂದರು ದೊಡ್ಡಸಿದ್ದಯ್ಯ.

“ಪುಸ್ತಕ ಓದಿ ಕೆಟ್ಟ ಸಾ,” ಎಂದ ಅಮೃತೇಶ್.

ಸಾಹೇಬರು ಕೆಟ್ಟವರಲ್ಲ. ಗಡಿಯಾರ ನೋಡಿದರು, ನಿಟ್ಟುಸಿರು ಬಿಟ್ಟರು, ಆಮೇಲೆ ಬರೆದರು. ಹೋದ ವರ್ಷ ಏನೂ ಕಾಣಲಿಲ್ಲವೆಂದು ರದ್ದಾದ ಸಭೆ ಈ ವರ್ಷ ಎಲ್ಲಾ ಕಂಡಿತೆಂದು ರದ್ದಾಯಿತು.

ಓಮ್ನಿ ಊರು ಮುಟ್ಟುವಾಗ ಇನ್ನೂ ಸ್ವಲ್ಪ ಬೆಳಕಿತ್ತು. ಬೆಟ್ಟಯ್ಯ ತಗಡಿನ ಸೂರಿನ ಮುಂದೆ ಬಂದು ನಿಂತ. ಚಿಕ್ಕಮಾದಮ್ಮ ಒಳಗಿಂದ ಬಂದು ಅವನ ಮುಖ ನೋಡಿದಳು. ಕೇಳುವ ಅಗತ್ಯ ಬೀಳಲಿಲ್ಲ. ಆದರೂ ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಸಂಕಟವಾಯಿತು.

“ಸಾಯೇಬ್ರು ನನ್ ಕೆಲ್ಸ ಬಾಳ ಚೆಂದಾಗದ ಅಂದ್ರು,” ಎಂದು ಅವನು ಕೊನೆಗೆ ಜೇಬಿನಿಂದ ಕಾಗದ ತೆಗೆದ. “ಆರ್ಡರ್ನಲ್ಲೇ ಬರ್ದವ್ರ. ಇನ್ಮ್ಯಾಕ ನಮ್ ಪಂಚಾಯ್ತಿ ಗ್ರಾಮಸಭೆ ಎಲ್ಲಾನೂ ನಾನೇ ತೆಗೀಬೇಕಂತ.”

ಚಿಕ್ಕಮಾದಮ್ಮ ಕಾಗದವನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಅಂದ್ರ ಮುಂದ್ಲ ವರ್ಸನೂ ನಮ್ ಮನಯಿಂದ ಒಂದ್ ತಲ ಕಮ್ಮಿ ಅನ್ನಿ,” ಎಂದಳು.